ಮಗಳು ನಾದಸ್ವರವನ್ನೇ ಕಸುಬು ಮಾಡ್ಕೋತೀನಿ ಅಂತಾಳೆ, ನೀವೇನಂತೀರಿ?

ಮುಳಬಾಗಿಲು ವಾಲಗ:

ಎಲ್ಲರಿಗೂ ನಮಸ್ಕಾರ. ನಾನು ಮುಳಬಾಗಿಲು ತಾಲ್ಲೂಕಿನವನು. ನಾದಸ್ವರ ನುಡಿಸುತ್ತೇನೆ. ನಮ್ಮಪ್ಪನೂ ಇದನ್ನೇ ನುಡಿಸುತ್ತಿದ್ದರು, ನಮ್ಮ ತಾತನೂ ಇದನ್ನೇ. ಮದುವೆ, ಗೃಹಪ್ರವೇಶ, ಊರ ದೇವರ ಉತ್ಸವ, ಇಷ್ಟರಲ್ಲೇ ಸಂಸಾರ ನಡೆದಿದೆ.

ಮಗನಿಗೆ ವಾದ್ಯದ ಮೇಲೆ ಮನಸ್ಸಿಲ್ಲ. ಅದಕ್ಕೆ ನನಗೇನೂ ಬೇಜಾರಿಲ್ಲ. ಮಗಳಿಗೆ ಮಾತ್ರ ಚಿಕ್ಕಂದಿನಿಂದ ಇದೇ ಹುಚ್ಚು. ನಾನು ಸಾಧನೆಗೆ ಕೂತರೆ ಪಕ್ಕದಲ್ಲಿ ಬಂದು ಕೂರುತ್ತಿದ್ದಳು. ವರ್ಣಗಳು ಆಗಿವೆ, ಕೃತಿಗಳು ಒಂದಷ್ಟು ಆಗಿವೆ, ಈಗ ಸಣ್ಣದಾಗಿ ಆಲಾಪನೆಯೂ ಮಾಡುತ್ತಾಳೆ. ಉಸಿರು ಚೆನ್ನಾಗಿದೆ. ಅಪ್ಪ ಅಂತ ಹೇಳ್ತಿಲ್ಲ, ನಮ್ಮ ಸೆಟ್‌ನ, ಅಂದರೆ ವಾದ್ಯ ತಂಡದ, ಹಿರಿಯ ಡೋಲಿನವರೂ ಇದನ್ನೇ ಹೇಳುತ್ತಾರೆ.

ಬಿ.ಕಾಂ ಮುಗಿಸಿದ್ದಾಳೆ. ನರಸಾಪುರದ ಕಡೆ ಒಂದು ಕಂಪನಿಯಿಂದ ಕೆಲಸಕ್ಕೆ ಕರೆ ಬಂದಿದೆ. ಹೋಗಲ್ಲ ಅಂತಾಳೆ. ನಿಮ್ಮ ಸೆಟ್‌ನಲ್ಲೇ ನುಡಿಸ್ತೀನಿ ಅಂತ ಹಟ. ಮನೆಯವಳಿಗೆ ಇದು ಸುತರಾಂ ಇಷ್ಟವಿಲ್ಲ.

ನನಗೆ ಒಳಗೊಳಗೇ ಸಂತೋಷ, ಜೊತೆಗೆ ಭಯ. ನಮ್ಮ ಕಸುಬಿಗೆ ವರ್ಷಕ್ಕೆ ಹನ್ನೆರಡು ತಿಂಗಳು ಇರಲ್ಲ ನೋಡಿ. ಆಷಾಢದಲ್ಲಿ ಮುಹೂರ್ತವಿಲ್ಲ. ಪಿತೃಪಕ್ಷದಲ್ಲಿ ಇಲ್ಲ. ಪುಷ್ಯದಲ್ಲಿ ಇಲ್ಲ. ಅಧಿಕ ಮಾಸ ಬಂದರೆ ಇನ್ನೊಂದು ತಿಂಗಳು ಹೋಯಿತು. 2023ರಲ್ಲಿ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂತು. ಎರಡು ತಿಂಗಳು ಒಟ್ಟಿಗೆ ಕೈ ಖಾಲಿ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ ಸರಿಯಾಗಿ ಮದುವೆ ಸೀಸನ್. ಕೊಟ್ಟಿದ್ದ ಮುಂಗಡವನ್ನು ಎಲ್ಲರೂ ವಾಪಸ್ ಕೇಳಿದರು. ಈಗಂತೂ ಚೌಟ್ರಿಯಲ್ಲಿ ಡಿಜೆ ಬೇರೆ, ಚಂಡೆ ಬೇರೆ. ನಮ್ಮನ್ನು ಮುಹೂರ್ತದ ಹೊತ್ತಿಗೆ ಮಾತ್ರ ಕೇಳುವವರು ಜಾಸ್ತಿ.

ನಿಮ್ಮಲ್ಲಿ ಅಪ್ಪ ಅಥವಾ ಅಮ್ಮನ ಸಂಗೀತವನ್ನೇ ಕಸುಬಾಗಿ ಹಿಡಿದವರು ಇದ್ದರೆ ದಯವಿಟ್ಟು ಹೇಳಿ. ಬಿಡಬೇಕಾ, ತಡೀಬೇಕಾ?

ಕೋಲಾರದ ಡೋಲು:

ಅಣ್ಣಾ, ತಡೀಬೇಡಿ. ಆದರೆ ಬರೀ ರಾಗ ಕಲಿಸಿ ಕಳಿಸಲೂಬೇಡಿ.

ನಾನು ಡೋಲು. ನಮ್ಮಪ್ಪನ ಹಿಂದೆ ಕೂತು ಕಲಿತವನು. ಅಪ್ಪ ನನಗೆ ನಡೆ, ಜತಿ ಎಲ್ಲ ಧಾರಾಳವಾಗಿ ಕೊಟ್ಟರು. ದುಡ್ಡಿನ ಮಾತು ಮಾತ್ರ ಯಾವತ್ತೂ ಆಡಲಿಲ್ಲ. ಅವರು ತೀರಿಕೊಂಡ ಮೇಲೆ ಪಾರ್ಟಿ ಫೋನ್ ಮಾಡಿದರೆ ಎಷ್ಟು ಕೇಳಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಮುಂಗಡ ಎಷ್ಟು, ಗಾಡಿ ಖರ್ಚು ಯಾರದ್ದು, ಶ್ರುತಿ ಹಿಡಿಯೋ ಹುಡುಗನಿಗೆ ಎಷ್ಟು, ಎರಡನೇ ಡೋಲಿಗೆ ಎಷ್ಟು, ಹಿಂದಿನ ದಿನದ ವರಪೂಜೆಯೂ ಸೇರಿದೆಯಾ ಇಲ್ಲವಾ. ಇದೆಲ್ಲ ಕಸುಬಿನ ಭಾಗ ಅಲ್ವಾ? ಇದನ್ನೂ ಪಾಠ ಅಂತಲೇ ಕಲಿಸಿ.

ಇನ್ನೊಂದು, ಗಟ್ಟಿಮೇಳ. ಹೊರಗಿನವರಿಗೆ ಅದು ಸುಮ್ನೆ ಜೋರಾಗಿ ನುಡಿಸೋದು ಅನಿಸುತ್ತೆ. ತಾಳಿ ಕಟ್ಟುವ ಹೊತ್ತಿಗೆ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದು ಅಂತ ಇರೋದು ಅದು. ಪುರೋಹಿತರ ಕೈ ಮೇಲೆ ಕಣ್ಣಿರಬೇಕು. ಯಾವ ರಾಗದ ಮಧ್ಯೆ ಇದ್ದರೂ ಆ ಕ್ಷಣಕ್ಕೆ ಬಿಟ್ಟು ಬರಬೇಕು. ಫೋಟೋದವರು ಅಡ್ಡ ನಿಂತಿರುತ್ತಾರೆ, ಏನೂ ಕಾಣಲ್ಲ. ಅದನ್ನು ಮನೆಯಲ್ಲಿ ಕಲಿಸೋಕೆ ಆಗಲ್ಲ. ಈಗಿನಿಂದಲೇ ಮುಹೂರ್ತಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಚಿಂತಾಮಣಿ ಸಂಗೀತದ ಟೀಚರ್:

ನಾನು ಹಾಡುಗಾರ್ತಿ, ಪಾಠ ಹೇಳಿಕೊಡುತ್ತೇನೆ. ನಮ್ಮ ತಂದೆ ಹರಿಕಥೆಗೆ ಹಾರ್ಮೋನಿಯಂ ನುಡಿಸುತ್ತಿದ್ದರು, ತಾವೂ ಹಾಡುತ್ತಿದ್ದರು. ಅವರ ದಾರಿಯಲ್ಲೇ ಬಂದವಳು ನಾನು. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಅಪ್ಪನೇ ಗುರುವಾದರೆ ಸಿಗುವ ಲಾಭ ದೊಡ್ಡದು. ಬೇರೆ ಮಕ್ಕಳು ವಾರಕ್ಕೆ ಎರಡು ಪಾಠ ಕೇಳಿದರೆ, ನಮಗೆ ಎದ್ದಾಗಿನಿಂದ ಮಲಗುವವರೆಗೂ ಸಂಗೀತ ಕಿವಿಗೆ ಬೀಳುತ್ತಿರುತ್ತದೆ. ಅಪ್ಪ ಅಡುಗೆಮನೆಯಲ್ಲಿ ನೀರು ಕುಡಿಯುತ್ತಾ ತೋಡಿಯ ಗಾಂಧಾರವನ್ನು ಗುನುಗಿದರೆ ಅದು ಹಾಗೇ ಕೂತುಬಿಡುತ್ತದೆ. ಯಾವ ಪುಸ್ತಕದಲ್ಲೂ ಅದು ಸಿಗಲ್ಲ.

ಕಷ್ಟವೂ ಅಲ್ಲೇ ಇದೆ. ಪಾಠಕ್ಕೆ ಅಂತ ಹೊತ್ತು ಇರಲ್ಲ. ಊಟಕ್ಕೆ ಕೂತಾಗ ತಿದ್ದುತ್ತಾರೆ. ನೆಂಟರ ಎದುರು ತಿದ್ದುತ್ತಾರೆ. ಬೆಳಿಗ್ಗೆ ಸ್ವರ ತಪ್ಪಿದ ಕೋಪ ಸಂಜೆಯ ಮನೆ ಮಾತಿಗೂ ಬರುತ್ತದೆ. ಮಗಳು ಗುರುವಿನ ಮೇಲೆ ಮುನಿಸಿಕೊಂಡರೆ ಅಪ್ಪನ ಜೊತೆಗೂ ಮಾತು ಬಿಟ್ಟಂತೆ. ನಮ್ಮ ಮನೆಯಲ್ಲಿ ಅಮ್ಮ ಒಂದು ಕಟ್ಟು ಮಾಡಿದರು. ಚಾಪೆ ಹಾಸಿದರೆ ಪಾಠ, ಚಾಪೆ ಸುತ್ತಿಟ್ಟ ಮೇಲೆ ಸಂಗೀತದ ಮಾತಿಲ್ಲ. ಆ ಕಟ್ಟು ಇಲ್ಲದಿದ್ದರೆ ನಾನು ಹಾಡುವುದನ್ನೇ ಬಿಟ್ಟಿರುತ್ತಿದ್ದೆ ಅನಿಸುತ್ತೆ.

ಎರಡನೇ ಮಾತು. ಬುನಾದಿ ಗಟ್ಟಿಯಾದ ಮೇಲೆ ಅವಳನ್ನು ಇನ್ನೊಬ್ಬ ಗುರುವಿನ ಹತ್ತಿರ ಕಳಿಸಿ. ಇದನ್ನು ಹೇಳಿದರೆ ಅಪ್ಪಂದಿರಿಗೆ ನೋವಾಗುತ್ತದೆ, ಗೊತ್ತು. ನನ್ನ ಹತ್ತಿರ ಏನು ಕಮ್ಮಿ ಅಂತ ಕೇಳುತ್ತಾರೆ. ಕಮ್ಮಿ ಇದೆ ಅಂತಲ್ಲ. ಅಪ್ಪನ ಗಮಕ, ಅಪ್ಪನ ಉಸಿರಿನ ಅಳತೆ, ಅಪ್ಪ ಎಲ್ಲಿ ನಿಲ್ಲಿಸುತ್ತಾರೋ ಅಲ್ಲೇ ನಿಲ್ಲಿಸುವುದು, ಇಷ್ಟೇ ಆಗಿಬಿಡುತ್ತದೆ. ಕೇಳಿದವರು "ಅಪ್ಪನ ಹಾಗೇ ನುಡಿಸ್ತಾಳೆ" ಅಂತ ಹೊಗಳುತ್ತಾರೆ. ಚಿಕ್ಕವಳಿದ್ದಾಗ ಆ ಹೊಗಳಿಕೆ ಹಿತವಾಗಿರುತ್ತದೆ. ಆಮೇಲೆ ತನ್ನದು ಅಂತ ಏನಿದೆ ಅನ್ನುವ ಪ್ರಶ್ನೆ ಬಂದಾಗ ಬಹಳ ನೋವು ಕೊಡುತ್ತದೆ. ನಾನು ವೀಣೆಯ ವಿದ್ವಾಂಸರೊಬ್ಬರ ಹತ್ತಿರ ಹೋದೆ. ಹಾಡುಗಾರ್ತಿಗೆ ವೀಣೆಯವರು ಯಾಕೆ ಅಂದರು ಎಲ್ಲರೂ. ಅಪ್ಪ ಹಾರ್ಮೋನಿಯಂನವರು. ಅದರ ಸ್ವರಗಳು ಬಿಡಿಬಿಡಿ, ಒಂದರಿಂದ ಇನ್ನೊಂದಕ್ಕೆ ಜಾರಲು ಬರಲ್ಲ. ವೀಣೆಯ ತಂತಿ ಎಳೆದಾಗ ಎರಡು ಸ್ವರದ ನಡುವೆ ಏನಿದೆ ಅಂತ ನನಗೆ ಕಂಡಿತು.

ಮತ್ತೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಕಟ್ಟಿಸಿ. ಆಕಾಶವಾಣಿಯ ಆಡಿಷನ್‌ಗೂ ತಯಾರು ಮಾಡಿ, ಮೊದಲು ಬಿ ಗ್ರೇಡ್ ಬಂದರೂ ಸಾಕು. ವಿದ್ಯೆ ಇರುವುದು ಬೇರೆ, ಅದನ್ನು ತೋರಿಸಲು ಒಂದು ಕಾಗದ ಇರುವುದು ಬೇರೆ. ನಮ್ಮ ತಂದೆಗೆ ಆ ಕಾಗದ ಇರಲಿಲ್ಲ. ವಯಸ್ಸಾದ ಮೇಲೆ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಜೀವನವಿಡೀ ನುಡಿಸಿದ್ದಕ್ಕೆ ದಾಖಲೆ ಹುಡುಕಿ ಸುಸ್ತಾದೆವು. ಹಳೇ ಕರಪತ್ರ, ಮಾಸಿದ ಫೋಟೋ, ಊರ ಜಾತ್ರೆಯ ಆಹ್ವಾನ ಪತ್ರಿಕೆ, ಇವೇ ಸಿಕ್ಕಿದ್ದು. ನಿಮ್ಮ ಮಗಳು ಮೊದಲ ಕಾರ್ಯಕ್ರಮದಿಂದಲೇ ಎಲ್ಲವನ್ನೂ ಒಂದು ಫೈಲಿನಲ್ಲಿ ಇಡಲಿ.

ಶಿಡ್ಲಘಟ್ಟ ತಮಟೆ:

ಎಲ್ಲರೂ ಪರಂಪರೆ ಅಂತ ಹೇಳುತ್ತಿದ್ದೀರಿ. ನಾನು ಬೇರೆ ಮಾತು ಹೇಳಬೇಕು.

ನಮ್ಮ ತಾತ ತಮಟೆ ಬಡಿಯುತ್ತಿದ್ದರು. ಊರಲ್ಲಿ ಯಾರು ಸತ್ತರೂ ಹೋಗಬೇಕು, ಜಾತ್ರೆಗೆ ಹೋಗಬೇಕು, ಡಂಗೂರ ಸಾರಬೇಕು. ಬರಲ್ಲ ಅನ್ನುವ ಹಾಗಿರಲಿಲ್ಲ. ಕೊಟ್ಟಷ್ಟು ತಗೋಬೇಕು, ದೂರ ನಿಲ್ಲಬೇಕು. ನಮ್ಮಪ್ಪ ಕೂಲಿಗೆ ಹೋದರು, ತಮಟೆ ಮುಟ್ಟಲಿಲ್ಲ. ನಮ್ಮನ್ನೂ ಮುಟ್ಟಲು ಬಿಡಲಿಲ್ಲ. ಅಪ್ಪನ ವಿದ್ಯೆ ಮಗನಿಗೆ ಬರಬಾರದು ಅಂತ ಹಟ ಹಿಡಿದ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇವೆ. ಅವರು ಕಲೆಯ ಶತ್ರುಗಳಲ್ಲ. ಮರ್ಯಾದೆ ಕೇಳಿದವರು.

ನಾನು ತಮಟೆ ಕಲಿತದ್ದು ಕಾಲೇಜಿಗೆ ಬಂದ ಮೇಲೆ. ಕೋಲಾರದ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ನಡೆಯುತ್ತದಲ್ಲ, ಅಲ್ಲಿ ನಮ್ಮ ತಮಟೆಯನ್ನು ಜನ ಕೂತು ಕೇಳುವುದನ್ನು ಕಂಡೆ. ಮೈ ಜುಮ್ಮಂದಿತು. ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡುವುದರಿಂದ ಹಿಡಿದು ಹೆಜ್ಜೆ ಹಾಕುವವರೆಗೂ ಹಿರಿಯರ ಹತ್ತಿರ ಕೇಳಿ ಕಲಿತೆ. 2023ರಲ್ಲಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು. ಆ ಸುದ್ದಿಯನ್ನು ಟಿವಿಯಲ್ಲಿ ನೋಡಿದ ದಿನ ನಮ್ಮಪ್ಪ "ಅಟ್ಟದ ಮೇಲಿರೋ ನಿಮ್ಮ ತಾತಂದು ಇಳಿಸು, ನೋಡೋಣ" ಅಂದರು. ಚರ್ಮ ಹರಿದಿತ್ತು, ಬಳೆ ಗಟ್ಟಿಯಾಗಿತ್ತು.

ಈಗ ನಾನು ತಂಡ ಕಟ್ಟಿದ್ದೇನೆ. ಮಾತಾಡಿಕೊಂಡ ಹಣಕ್ಕೆ, ಒಪ್ಪಿಕೊಂಡ ಕಾರ್ಯಕ್ರಮಕ್ಕೆ ಮಾತ್ರ ಹೋಗುತ್ತೇವೆ. ಹಾಗಾಗಿ ಅಣ್ಣಾ, ನನ್ನ ಮಾತು ಇಷ್ಟೇ. ನಿಮ್ಮ ಮಗಳು ಬರುತ್ತೇನೆ ಅಂತ ತಾನಾಗಿ ಹೇಳುತ್ತಿದ್ದಾಳೆ, ಅದು ಬಹಳ ಒಳ್ಳೆಯದು. ನಾಳೆ ಬಿಡುತ್ತೇನೆ ಅಂದರೂ ಅಷ್ಟೇ ಸುಲಭವಾಗಿ ಬಿಡಲು ಆಗಬೇಕು. "ನಾಲ್ಕು ತಲೆಮಾರಿನ ವಿದ್ಯೆ ನಿನ್ನಿಂದ ನಿಂತುಹೋಯಿತು" ಅನ್ನುವ ಭಾರ ಹೊರಿಸಬೇಡಿ. ಹಾಗಂತ ಈಗಲೇ ಅವಳಿಗೆ ಮಾತು ಕೊಡಿ.

ಕೋಲಾರದ ಡೋಲು:

ತಮ್ಮಾ, ನೀನು ಹೇಳಿದ್ದು ನಿಜ. ನಮ್ಮವರಿಗೂ ಮದುವೆ ಮನೆಯಲ್ಲಿ ಕೊನೆಯ ಪಂಕ್ತಿಯಲ್ಲಿ ಊಟ ಹಾಕುತ್ತಿದ್ದ ಕಾಲ ಇತ್ತು. ಆದರೆ ನೀವು ಪಟ್ಟಿದ್ದರ ಮುಂದೆ ಅದು ಏನೂ ಅಲ್ಲ.

ಮುಳಬಾಗಿಲು ವಾಲಗ:

ನಾನು ಇವರ ಮನೆಯವಳು. ಇದೇ ಫೋನಿನಿಂದ ಬರೆಯುತ್ತಿದ್ದೇನೆ. ಎಲ್ಲ ಓದಿದೆ.

ನನಗೆ ಸಂಗೀತ ಬೇಡ ಅಂತ ಯಾರೂ ತಿಳಿಯಬೇಡಿ. ಇವರು ಮುಂಜಾನೆ ನುಡಿಸುವ ಭೂಪಾಳ ಕೇಳಿಕೊಂಡೇ ಒಲೆ ಹಚ್ಚಿದವಳು ನಾನು. ಆದರೆ ಆಷಾಢದಲ್ಲಿ ಅಂಗಡಿಯವನಿಗೆ ಉತ್ತರ ಹೇಳಿದವಳೂ ನಾನೇ. ಇವರು ರಾತ್ರಿ ಯಾವ ಊರಲ್ಲಿದ್ದಾರೋ, ಊಟ ಆಯಿತೋ ಇಲ್ಲವೋ ಅಂತ ಕಾದವಳೂ ನಾನೇ. ಗಂಡಸರು ಚೌಟ್ರಿಯ ಮೂಲೆಯಲ್ಲಿ ಟವೆಲ್ ಹಾಸಿ ಮಲಗುತ್ತಾರೆ. ಹೆಣ್ಣುಮಗಳು ಎಲ್ಲಿ ಮಲಗಬೇಕು? ಬೆಳಗಿನ ಜಾವದ ಮುಹೂರ್ತಕ್ಕೆ ಎಲ್ಲಿ ಸ್ನಾನ, ಎಲ್ಲಿ ಬಟ್ಟೆ ಬದಲಾಯಿಸಬೇಕು? ನಾಳೆ ಮದುವೆಯಾದ ಮೇಲೆ ಅತ್ತೆ ಮನೆಯವರು ವಾಲಗಕ್ಕೆ ಕಳಿಸುತ್ತಾರಾ? ಇದಕ್ಕೆ ಯಾರಾದರೂ ಉತ್ತರ ಹೇಳಿ. ಪದ್ಮಶ್ರೀ ಎಲ್ಲರಿಗೂ ಬರಲ್ಲ.

ಚಿಂತಾಮಣಿ ಸಂಗೀತದ ಟೀಚರ್:

ಅಕ್ಕಾ, ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ಇಲ್ಲಿ ಎಲ್ಲರಿಗಿಂತ ಮುಖ್ಯವಾದ ಪ್ರಶ್ನೆ ನಿಮ್ಮದೇ.

ಹೆಣ್ಣುಮಕ್ಕಳು ನಾದಸ್ವರ ನುಡಿಸುವುದು ಹೊಸದಲ್ಲ. ಕಾಲೀಷಾಬಿ ಮೆಹಬೂಬ್ ಮತ್ತು ಅವರ ಗಂಡ ಷೇಕ್ ಮೆಹಬೂಬ್ ಸುಭಾನಿ ಇಬ್ಬರೂ ಒಟ್ಟಿಗೆ ಕೂತು ನುಡಿಸುತ್ತಾರೆ. 2020ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ಪ್ರಶಸ್ತಿಗಾಗಿ ಇದನ್ನು ಹೇಳುತ್ತಿಲ್ಲ. ಸಂಸಾರವೂ ವಾದ್ಯವೂ ಒಂದೇ ಮನೆಯಲ್ಲಿ ನಡೆದಿದೆ ಅನ್ನುವುದಕ್ಕೆ ಹೇಳಿದೆ.

ರೂಮಿನ ವಿಷಯ. ನಾನು ಕಾರ್ಯಕ್ರಮ ಒಪ್ಪಿಕೊಳ್ಳುವಾಗಲೇ ಹೇಳಿಬಿಡುತ್ತೇನೆ. ಬೀಗ ಹಾಕಬಹುದಾದ ಒಂದು ಕೋಣೆ ಬೇಕು, ರಾತ್ರಿ ವಾಪಸ್ ಬರಲು ಗಾಡಿ ಬೇಕು. ಮೊದಮೊದಲು ಕೇಳಲು ಸಂಕೋಚ ಆಗುತ್ತಿತ್ತು. ಈಗ ಹಣದ ಮಾತಿಗಿಂತ ಮೊದಲು ಇದನ್ನೇ ಕೇಳುತ್ತೇನೆ. ಅವಳಿಗೆ ಇನ್ನೊಂದು ಅನುಕೂಲ ಇದೆ, ಸೆಟ್‌ನಲ್ಲಿ ಅಪ್ಪ ಇರುತ್ತಾರೆ. ಆ ವರ್ಷಗಳಲ್ಲೇ ಅವಳು ಈ ಮಾತುಗಳನ್ನು ತಾನೇ ಆಡಲು ಕಲಿಯಲಿ. ಅಪ್ಪ ಪಕ್ಕದಲ್ಲಿರಲಿ, ಮಾತು ಅವಳದಾಗಿರಲಿ.

ಬಂಗಾರಪೇಟೆ ಟ್ರೈನು:

ನಾನು ಕಲಾವಿದನಲ್ಲ, ಕೇಳುವವನು. ಬೆಂಗಳೂರಿಗೆ ದಿನಾ ಟ್ರೈನಲ್ಲಿ ಓಡಾಡುತ್ತೇನೆ, ದಾರಿಯುದ್ದಕ್ಕೂ ಕೇಳುವುದೇ ಕೆಲಸ.

ಅಮ್ಮ ಹೇಳಿದ ಆಷಾಢದ ಕಷ್ಟಕ್ಕೆ ಒಂದು ಉದಾಹರಣೆ. ಮಲ್ಲಿಕಾರ್ಜುನ ಮನ್ಸೂರರ ಮಗ ರಾಜಶೇಖರ ಮನ್ಸೂರರು ಧಾರವಾಡದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಕೆಲಸ ಮಾಡಿಕೊಂಡೇ ಅಪ್ಪನ ಹಿಂದೆ ಕೂತು ಹಾಡಿದರು, ಅಪರೂಪದ ರಾಗಗಳನ್ನು ಉಳಿಸಿಕೊಂಡರು. ಅವರನ್ನು ಅರ್ಧ ಸಂಗೀತಗಾರ ಅಂತ ಯಾರೂ ಅನ್ನಲಿಲ್ಲ.

ಇನ್ನೊಂದು ಕದ್ರಿ ಗೋಪಾಲನಾಥರದು. ಅವರ ತಂದೆ ತನಿಯಪ್ಪನವರು ನಾದಸ್ವರ ನುಡಿಸುತ್ತಿದ್ದರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದನ್ನೇ ಹಿಡಿದರು, ಕರ್ನಾಟಕ ಸಂಗೀತವನ್ನು ಅದರಲ್ಲಿ ತಂದರು. ಅವರ ಮಗ ಮಣಿಕಾಂತ್ ಕದ್ರಿ ಸಿನಿಮಾ ಸಂಗೀತಕ್ಕೆ ಹೋದರು. ಮೂರು ತಲೆಮಾರು, ಮೂರು ದಾರಿ. ಸಂಗೀತ ಮನೆ ಬಿಟ್ಟು ಹೋಗಲಿಲ್ಲ.

ಗುಬ್ಬಿ ರಂಗಮಂದಿ:

ತುಮಕೂರು ಕಡೆಯಿಂದ ಒಂದು ಮಾತು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ಕಾಲದಲ್ಲಿ ಮಕ್ಕಳು ಕಂಪನಿಯ ಟೆಂಟಿನಲ್ಲೇ ಹುಟ್ಟಿ ಬೆಳೆದು ಬಣ್ಣ ಹಚ್ಚಿದವರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರ ಕಂಠ ಕೇಳಿದವರಿಗೆ ಆ ಬೆಳವಣಿಗೆ ಅಂದರೆ ಏನು ಅಂತ ಗೊತ್ತು. ಆದರೆ ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೂ ಹೋಗಿ ಕಲಿತು ಬಂದರು. ಟೀಚರ್ ಅಮ್ಮ ಹೇಳಿದ ಎರಡನೇ ಗುರುವಿನ ಮಾತಿಗೆ ನನ್ನದೂ ಒಪ್ಪಿಗೆ.

ನಾದಸ್ವರದ ಹುಡುಗಿ:

ನಮಸ್ಕಾರ. ಇವರು ನನ್ನ ಬಗ್ಗೆಯೇ ಬರೆದದ್ದು. ಅಪ್ಪ ಹೇಳಿದ ಮೇಲೆ ಎಲ್ಲ ಓದಿದೆ.

ನಾನು ಅಪ್ಪನಿಗಾಗಿ ಇದನ್ನು ಹಿಡಿಯುತ್ತಿಲ್ಲ. ತಲೆಮಾರು ಉಳಿಸಬೇಕು ಅಂತಲೂ ಅಲ್ಲ. ನನಗೆ ಆ ನಾದ ಇಷ್ಟ, ಅಷ್ಟೇ. ವಾದ್ಯ ಬಾಯಿಗಿಟ್ಟು ಮೊದಲ ಷಡ್ಜ ಸರಿಯಾಗಿ ನಿಂತಾಗ ಎದೆಯವರೆಗೂ ಅದುರುತ್ತೆ. ಆ ಸಂತೋಷ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಶಿಡ್ಲಘಟ್ಟದ ಅಣ್ಣ ಹೇಳಿದ ಮಾತನ್ನು ನಿನ್ನೆ ಅಪ್ಪ ನನಗೆ ಕೊಟ್ಟರು. "ಬೇಡ ಅನಿಸಿದ ದಿನ ಬಿಟ್ಟುಬಿಡು, ನಾನು ಏನೂ ಅನ್ನಲ್ಲ" ಅಂದರು. ಅದನ್ನು ಕೇಳಿದ ಮೇಲೆ ನನಗೆ ಇನ್ನೂ ಜಾಸ್ತಿ ನುಡಿಸಬೇಕು ಅನಿಸುತ್ತಿದೆ.

ಅಮ್ಮನ ಜೊತೆ ಕೂತು ಮಾತಾಡಿದೆ. ನರಸಾಪುರದ ಕೆಲಸದಲ್ಲಿ ಶಿಫ್ಟ್ ಇದೆ, ಮುಹೂರ್ತದ ದಿನಗಳಿಗೆ ರಜೆ ಸಿಗಲ್ಲ. ಅದು ಆಗಲ್ಲ. ನಮ್ಮೂರ ಹತ್ತಿರ ಒಬ್ಬ ಆಡಿಟರ್ ಲೆಕ್ಕ ಬರೆಯಲು ಜನ ಹುಡುಕುತ್ತಿದ್ದಾರೆ. ದಿನಕ್ಕೆ ಅರ್ಧ ಹೊತ್ತು ಸಾಕು ಅಂತಾರೆ. ಮುಹೂರ್ತ ಇರುವ ದಿನ ಬರಲ್ಲ ಅಂತ ಮೊದಲೇ ಹೇಳಿದ್ದೇನೆ, ಒಪ್ಪಿದ್ದಾರೆ. ಎರಡು ವರ್ಷ ಹೀಗೆ ನಡೆಯಲಿ ಅಂತ ಅಮ್ಮ ಅಂದಿದ್ದಾರೆ. ಸೆಟ್‌ನ ಲೆಕ್ಕವನ್ನೂ ನಾನೇ ಬರೆಯಲು ಶುರು ಮಾಡಿದ್ದೇನೆ. ಬಿ.ಕಾಂ ಓದಿದ್ದಕ್ಕೆ ಅದೂ ಉಪಯೋಗಕ್ಕೆ ಬರಲಿ.

ಟೀಚರ್ ಅಮ್ಮಾ, ಎರಡನೇ ಗುರು ಯಾರು ಅಂತ ಅಪ್ಪನೇ ಹುಡುಕುತ್ತಿದ್ದಾರೆ. ಅವರಿಗೆ ಬೇಜಾರಾಗಿಲ್ಲ.

ನನಗೆ ಒಂದೇ ಪ್ರಶ್ನೆ. ಅಪ್ಪನ ವಾದ್ಯ ನನಗೆ ಭಾರ. ಸೀವಾಳಿಯೂ (ಬಾಯಲ್ಲಿಟ್ಟು ಊದುವ ತುದಿ) ಅವರ ಬಾಯಿಗೆ ಹದವಾಗಿರುವುದು, ನನಗೆ ಗಟ್ಟಿ ಅನಿಸುತ್ತೆ. ನನ್ನದೇ ಒಂದು ವಾದ್ಯ ಮಾಡಿಸಬೇಕು ಅಂದರೆ ಏನು ನೋಡಬೇಕು?

ಕೋಲಾರದ ಡೋಲು:

ಮಗಳೇ, ಮೊದಲು ಸೀವಾಳಿ. ಅಪ್ಪನದನ್ನು ಇನ್ನು ಬಳಸಬೇಡ. ಗಟ್ಟಿ ಸೀವಾಳಿಯಲ್ಲಿ ಉಸಿರು ದಬ್ಬಿ ದಬ್ಬಿ ಕೆನ್ನೆ, ಕುತ್ತಿಗೆ ಎಲ್ಲ ನೋಯುತ್ತೆ, ಶ್ರುತಿಯೂ ಏರುತ್ತೆ. ಮೆತ್ತಗಿನದು ನಾಲ್ಕೈದು ತಗೊಂಡು ಒಂದೊಂದನ್ನೇ ಪಳಗಿಸು. ನೆನೆಸಿ, ತುದಿ ಒತ್ತಿ, ನಿನ್ನ ಬಾಯಿಗೆ ಒಗ್ಗಿಸಿಕೊಳ್ಳುವುದು ನಿನ್ನದೇ ಕೆಲಸ. ಅದನ್ನು ಯಾರೂ ಮಾಡಿಕೊಡಲ್ಲ.

ವಾದ್ಯಕ್ಕೆ ತಮಿಳುನಾಡಿನ ನರಸಿಂಗಪೇಟೆಗೆ ಹೋಗುವುದು ಒಳ್ಳೆಯದು. ಕುಂಭಕೋಣದ ಹತ್ತಿರ. ಅಲ್ಲಿಯ ನಾದಸ್ವರಕ್ಕೆ 2022ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದೆ. ಆಚಾ ಮರದಲ್ಲಿ ಮಾಡುತ್ತಾರೆ, ನಮ್ಮ ಕಡೆ ಕಮರ ಅಂತೀವಲ್ಲ ಅದೇ. ಹಳೇ ಮನೆ ಕೆಡವಿದಾಗ ಸಿಗುವ ಮರ ಆದರೆ ಇನ್ನೂ ಒಳ್ಳೆಯದು, ಚೆನ್ನಾಗಿ ಒಣಗಿರುತ್ತೆ. ಬೆರಳಿಗೆ ಏಳು ತೂತು. ಕೆಳಗಡೆ ಇನ್ನು ಕೆಲವು ತೂತು ಇರುತ್ತವೆ, ಅವನ್ನು ಮೇಣದಲ್ಲಿ ಮುಚ್ಚಿ ತೆರೆದು ಶ್ರುತಿ ಸರಿಮಾಡುತ್ತಾರೆ. ನಿನ್ನ ಬೆರಳು ಎಲ್ಲ ತೂತಿಗೂ ಎಳೆಯದೆ ಮುಟ್ಟುತ್ತವಾ ಅಂತ ಅಲ್ಲೇ ನುಡಿಸಿ ನೋಡು. ಅಪ್ಪನನ್ನು ಕರೆದುಕೊಂಡು ಹೋಗು, ಆದರೆ ಆರಿಸುವವಳು ನೀನೇ.

ಚಿಂತಾಮಣಿ ಸಂಗೀತದ ಟೀಚರ್:

ಇನ್ನೊಂದು ವಿಷಯ ಸೇರಿಸುತ್ತೇನೆ. ಗುರುಪೂರ್ಣಿಮೆಗೆ ನಮ್ಮ ಕೈವಾರದಲ್ಲಿ ಮೂರು ದಿನ ಸಂಗೀತೋತ್ಸವ ಇರುತ್ತದೆ. 72 ಗಂಟೆ, ಹಗಲು ರಾತ್ರಿ ನಿಲ್ಲದೆ. ಅದು ಆಷಾಢದಲ್ಲಿ ಬರುವುದರಿಂದ ವಾದ್ಯದವರಿಗೆ ಮದುವೆಗಳ ಗಡಿಬಿಡಿ ಇರಲ್ಲ. ನಿಮ್ಮಮ್ಮ ಹೇಳಿದ ಆ ಕೈ ಖಾಲಿಯ ತಿಂಗಳು ಇದೆಯಲ್ಲ, ಅದನ್ನು ಕೇಳುವುದಕ್ಕೆ ಇಟ್ಟುಕೋ. ಹಿರಿಯರು ಸಾಲಾಗಿ ಬಂದು ನುಡಿಸುತ್ತಾರೆ. ಒಂದೇ ಕಡೆ ಕೂತು ಇಷ್ಟು ಜನರ ಬಾನಿ, ಅಂದರೆ ನುಡಿಸುವ ಶೈಲಿ, ಕೇಳುವ ಅವಕಾಶ ಬೇರೆ ಕಡೆ ಸಿಗಲ್ಲ. ಅಮ್ಮನನ್ನೂ ಕರೆದುಕೊಂಡು ಬಾ, ಉಳಿಯಲು ನಮ್ಮ ಮನೆ ಇದೆ.

ಮುಳಬಾಗಿಲು ವಾಲಗ:

ಈಗ ಬರೆಯುತ್ತಿರುವುದು ನಾನು, ಅಪ್ಪ. ಎಲ್ಲರಿಗೂ ಕೈ ಮುಗಿದೆ. ಡೋಲು ಅಣ್ಣಾ, ಕಾರ್ತಿಕದ ಮುಹೂರ್ತಗಳಿಗೆ ಎರಡನೇ ನಾದಸ್ವರ ಅವಳದೇ. ನೀವು ಹೇಳಿದ ಹಾಗೆ ಪಾರ್ಟಿಯ ಹತ್ತಿರ ಮಾತೂ ಅವಳೇ ಆಡಿದಳು. ನಾನು ಕೇಳುತ್ತಿದ್ದುದಕ್ಕಿಂತ ಜಾಸ್ತಿಯೇ ಕೇಳಿದಳು, ಅವರು ಒಪ್ಪಿದರು. ರೂಮೂ ಕೇಳಿದ್ದಾಳೆ. ಕೈವಾರಕ್ಕೆ ಮೂವರೂ ಬರುತ್ತೇವೆ ಅಂತ ಮನೆಯವಳು ಹೇಳಿದ್ದಾಳೆ. ಟೀಚರ್ ಅಮ್ಮಾ, ದಿನಾಂಕ ಹತ್ತಿರ ಬಂದಾಗ ಇಲ್ಲೇ ಒಂದು ಮಾತು ಹಾಕಿ.